ಕೂದಲೆಳೆ ಅಂತರದ ಚುನಾವಣೆಯ ನಂತರ: ಮತಕ್ಕೆ ತಕ್ಕ ಸೀಟು ಬೇಕೆಂದು ಲೆಕ್ಕ ಹಿಡಿದು ವಾದಿಸುವುದು ಹೇಗೆ

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಬಿದ್ದದ್ದು ಶೇ 46.06 ಮತ, ಕಾಂಗ್ರೆಸ್ಸಿಗೆ ಶೇ 45.43. ನೂರಕ್ಕೆ ಒಂದು ಮತದ ವ್ಯತ್ಯಾಸವೂ ಇಲ್ಲ. ಸೀಟು ಮಾತ್ರ 17 ಮತ್ತು 9. ಶೇ 5.60 ಮತ ಪಡೆದ ಜೆಡಿಎಸ್‌ಗೆ 2. ಇಂಥ ಫಲಿತಾಂಶ ಬಂದ ಮರುದಿನ ಸೋತವರು ‘ಮತ ನಮಗೂ ಅಷ್ಟೇ ಬಿದ್ದಿದೆ’ ಎನ್ನುತ್ತಾರೆ. ಗೆದ್ದವರು ‘ಆಟದ ನಿಯಮ ಮೊದಲೇ ಗೊತ್ತಿತ್ತಲ್ಲ’ ಎನ್ನುತ್ತಾರೆ. ಎರಡು ವಾರ ಕಳೆದರೆ ಇಬ್ಬರೂ ಮರೆಯುತ್ತಾರೆ.

ಆ ಎರಡು ವಾರದೊಳಗೆ ಕಾಲೇಜಿನ ಚರ್ಚೆಯಲ್ಲೋ ಪತ್ರಿಕೆಯ ವಾಚಕರ ವಾಣಿಯಲ್ಲೋ ನಿಮ್ಮ ಶಾಸಕರಿಗೆ ಬರೆಯುವ ಮನವಿಯಲ್ಲೋ ಪ್ರಮಾಣಾನುಗುಣ ಪ್ರಾತಿನಿಧ್ಯದ (ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಷ್ಟು ಸೀಟು ಕೊಡುವ ಪದ್ಧತಿಯ) ಪರ ವಾದ ಹೂಡಬೇಕೆಂದರೆ ಕೈಯಲ್ಲಿ ಒಂದು ಲೆಕ್ಕ ಇರಬೇಕು. ಬೇಕಾಗುವುದು ಒಂದು ಹಾಳೆ, ಕ್ಯಾಲ್ಕುಲೇಟರು, ಒಂದು ಸಂಜೆ.

ಮೊದಲು ಉದಾಹರಣೆ ಆಯ್ಕೆ

ಒಂದೇ ಪಕ್ಷಕ್ಕೆ ಅನ್ಯಾಯವಾದ ಉದಾಹರಣೆ ಹಿಡಿದರೆ ಕೇಳುವವರು ನಿಮ್ಮನ್ನು ಆ ಪಕ್ಷದವರೆಂದು ಬಗೆದು ಎದ್ದು ಹೋಗುತ್ತಾರೆ. ಜೋಡಿ ಉದಾಹರಣೆ ಇಟ್ಟುಕೊಳ್ಳಿ. 2024ರಲ್ಲಿ ಮಧ್ಯಪ್ರದೇಶದಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 32 ಮತ ಬಿದ್ದರೂ 29ರಲ್ಲಿ ಒಂದು ಸೀಟೂ ಸಿಗಲಿಲ್ಲ. ಅದೇ ಚುನಾವಣೆಯಲ್ಲಿ ತಮಿಳುನಾಡಿನಲ್ಲಿ ಅಣ್ಣಾ ಡಿಎಂಕೆಗೆ ಸುಮಾರು ಶೇ 20, ಬಿಜೆಪಿಗೆ ಶೇ 11 ಮತ; ಎರಡಕ್ಕೂ ಸೊನ್ನೆ, ಡಿಎಂಕೆ ಮೈತ್ರಿಕೂಟಕ್ಕೆ 39ಕ್ಕೆ 39. ದೇಶದ ಮಟ್ಟಕ್ಕೆ ಬಂದರೆ 2019ರಿಂದ 2024ಕ್ಕೆ ಬಿಜೆಪಿಯ ಮತ ಪ್ರಮಾಣ ಇಳಿದದ್ದು ಒಂದು ಶೇಕಡಾಕ್ಕಿಂತ ಕಡಿಮೆ, ಸೀಟು 303ರಿಂದ 240ಕ್ಕೆ ಬಿತ್ತು. ಇದು ಬಿಜೆಪಿ ಕಡೆಯವರೂ ತಲೆದೂಗುವ ಉದಾಹರಣೆ. ಕರ್ನಾಟಕದ ವಿಧಾನಸಭೆಯೇ ಬೇಕಿದ್ದರೆ 2018 ಇದೆ: ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, ಬಿಜೆಪಿಗೆ ಸುಮಾರು ಶೇ 36, ಮತ ಎಣಿಕೆಯ ದಿನ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78.

ಅಂಕಿ ಎಲ್ಲಿಂದ, ಎಷ್ಟು ಸೋಸಬೇಕು

ಟೀವಿ ಪರದೆಯ ಮೇಲಿನ ಶೇಕಡಾ ಬೇಡ. ಎಣಿಕೆಯ ದಿನ ಅದು ಗಂಟೆಗೊಮ್ಮೆ ಬದಲಾಗುತ್ತದೆ. ಚುನಾವಣಾ ಆಯೋಗದ ಫಲಿತಾಂಶದ ಪುಟದಲ್ಲಿ ರಾಜ್ಯವಾರು ಪಕ್ಷವಾರು ಮತ ಸಿಗುತ್ತದೆ. ಮತಗಟ್ಟೆವಾರು ಬೇಕಿದ್ದರೆ ಆಯಾ ಕ್ಷೇತ್ರದ ಫಾರಂ 20 ನೋಡಬೇಕು. ತಿಂಗಳುಗಳ ನಂತರ ಆಯೋಗದ ಅಂಕಿಅಂಶ ವರದಿ ಬರುತ್ತದೆ, ಅಂತಿಮವಾಗಿ ಅದನ್ನೇ ನಂಬಿ.

ಇಲ್ಲಿ ಎಡವುವುದು ನಾಲ್ಕು ಕಡೆ. ಒಂದು, ಆಯೋಗದ ಶೇಕಡಾವಾರಿನಲ್ಲಿ ನೋಟಾ ಕೂಡ ಸೇರಿರುತ್ತದೆ. ಸೀಟು ಹಂಚುವಾಗ ಅದನ್ನು ಕಳೆಯಬೇಕು. ಎರಡು, ಅವಿರೋಧ ಆಯ್ಕೆಯಾದ ಕ್ಷೇತ್ರದಲ್ಲಿ ಮತವೇ ಬಿದ್ದಿರುವುದಿಲ್ಲ. 2024ರಲ್ಲಿ ಸೂರತ್‌ನಲ್ಲಿ ಹೀಗಾಯಿತು, ಅಲ್ಲಿನ ಮತದಾರರು ದೇಶದ ಒಟ್ಟು ಮತದ ಲೆಕ್ಕದಲ್ಲೇ ಇಲ್ಲ. ಮೂರು, ‘ಪಕ್ಷೇತರರು’ ಎಂಬ ಒಂದು ಸಾಲನ್ನು ಒಂದು ಪಕ್ಷವೆಂದು ಎಣಿಸುವುದು. ಅವರು ಒಬ್ಬೊಬ್ಬರೂ ಬೇರೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು: ಮೈತ್ರಿಯನ್ನು ಮರೆಯುವುದು. ಕರ್ನಾಟಕದಲ್ಲಿ ಕಾಂಗ್ರೆಸ್ 28ರಲ್ಲೂ ಸ್ಪರ್ಧಿಸಿತ್ತು. ಬಿಜೆಪಿ ನಿಂತದ್ದು 25ರಲ್ಲಿ. ಮಂಡ್ಯ, ಹಾಸನ, ಕೋಲಾರವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿತ್ತು. ಆದ್ದರಿಂದ 46ಕ್ಕೂ 45ಕ್ಕೂ ನೇರ ಹೋಲಿಕೆ ಕಣ್ಣಿಗೆ ಚೆಂದ, ಲೆಕ್ಕಕ್ಕೆ ಅರ್ಧ ಸತ್ಯ. ಸರಿಯಾದ ಹೋಲಿಕೆ ಇದು: ಮೈತ್ರಿಕೂಟಕ್ಕೆ ಶೇ 51.66 ಮತ, 19 ಸೀಟು. ಕಾಂಗ್ರೆಸ್ಸಿಗೆ ಶೇ 45.43 ಮತ, 9 ಸೀಟು. ಇದನ್ನು ನೀವೇ ಮೊದಲು ಹೇಳಿಬಿಡಿ. ಎದುರಾಳಿ ಹೇಳುವ ತನಕ ಕಾದರೆ ನಿಮ್ಮ ಮಿಕ್ಕ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಸೀಟು ಹಂಚುವ ಲೆಕ್ಕ

ಎರಡು ವಿಧಾನ ಕಲಿತರೆ ಸಾಕು. ಎರಡರಲ್ಲೂ ಮಾಡುವುದು ಭಾಗಾಕಾರವೇ, ಭಾಜಕ ಮಾತ್ರ ಬೇರೆ. ಡಿ'ಹಾಂಟ್ ವಿಧಾನದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3, 4 ಎಂದು ಭಾಗಿಸುತ್ತಾ ಹೋಗಬೇಕು. ಸೇಂಟ್ ಲಾಗ್ ವಿಧಾನದಲ್ಲಿ 1, 3, 5, 7 ಎಂದು ಬೆಸ ಸಂಖ್ಯೆಗಳಿಂದ. ಬಂದ ಭಾಗಲಬ್ಧಗಳನ್ನೆಲ್ಲ ಒಟ್ಟಿಗೆ ಹಾಕಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. 28 ಸೀಟಿದ್ದರೆ ಮೇಲಿನ 28 ಭಾಗಲಬ್ಧಗಳಿಗೆ ಒಂದೊಂದು ಸೀಟು. ಮತಗಳ ಸಂಖ್ಯೆಯ ಬದಲು ಶೇಕಡಾ ಹಾಕಿದರೂ ಉತ್ತರ ಅದೇ.

ಕರ್ನಾಟಕದ 28ಕ್ಕೆ ಇಡೀ ರಾಜ್ಯವನ್ನು ಒಂದೇ ಕ್ಷೇತ್ರವೆಂದು ಭಾವಿಸಿ ಮಾಡೋಣ. ಪೂರ್ತಿ ಪಟ್ಟಿ ಬರೆಯುವ ಅಗತ್ಯವಿಲ್ಲ, ಗಡಿಯ ಹತ್ತಿರದ ಸಂಖ್ಯೆಗಳೇ ತೀರ್ಮಾನ ಮಾಡುತ್ತವೆ.

ಡಿ'ಹಾಂಟ್:
ಬಿಜೆಪಿಯ 13ನೆಯದು 46.06 ÷ 13 = 3.543; 14ನೆಯದು 46.06 ÷ 14 = 3.290
ಕಾಂಗ್ರೆಸ್ಸಿನ 13ನೆಯದು 45.43 ÷ 13 = 3.495, 14ನೆಯದು 45.43 ÷ 14 = 3.245
ಜೆಡಿಎಸ್‌ನ ಮೊದಲನೆಯದು 5.60, ಎರಡನೆಯದು 5.60 ÷ 2 = 2.80
ಹದಿಮೂರು, ಹದಿಮೂರು, ಒಂದು ಸೇರಿ 27. ಕೊನೆಯ ಸೀಟಿಗೆ ಉಳಿದವರಲ್ಲಿ ದೊಡ್ಡದು 3.290. ಫಲಿತಾಂಶ: ಬಿಜೆಪಿ 14, ಕಾಂಗ್ರೆಸ್ 13, ಜೆಡಿಎಸ್ 1.

ಸೇಂಟ್ ಲಾಗ್:
ಬಿಜೆಪಿಯ 13ನೆಯದು 46.06 ÷ 25 = 1.842, 14ನೆಯದು 46.06 ÷ 27 = 1.706
ಕಾಂಗ್ರೆಸ್ಸಿನ 13ನೆಯದು 45.43 ÷ 25 = 1.817, 14ನೆಯದು 45.43 ÷ 27 = 1.683
ಜೆಡಿಎಸ್‌ನ ಎರಡನೆಯದು 5.60 ÷ 3 = 1.867
ಫಲಿತಾಂಶ: 13, 13, 2.

ಒಂದೇ ಮತ, ಎರಡು ಉತ್ತರ. ಡಿ'ಹಾಂಟ್ ದೊಡ್ಡ ಪಕ್ಷದ ಕಡೆ ತುಸು ವಾಲುತ್ತದೆ. ಸೇಂಟ್ ಲಾಗ್ ಹಾಗೆ ವಾಲುವುದಿಲ್ಲ. ‘ಪ್ರಮಾಣಾನುಗುಣ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ವಾದ ಪೂರ್ತಿಯಾಗುವುದಿಲ್ಲ, ಯಾವುದು ಎಂದು ಹೇಳಬೇಕು. ಎರಡರಲ್ಲೂ ಮೈತ್ರಿಕೂಟಕ್ಕೆ 15, ಕಾಂಗ್ರೆಸ್ಸಿಗೆ 13 ಎಂಬುದನ್ನೂ ಗಮನಿಸಿ. ಗೆದ್ದವರು ಗೆದ್ದೇ ಇದ್ದಾರೆ, 19–9ರ ಭಾರೀ ಗೆಲುವು ಮಾತ್ರ 15–13 ಆಗಿದೆ. ಹೆಚ್ಚು ಮತ ಪಡೆದವರಿಂದ ಗೆಲುವನ್ನು ಕಸಿಯುವ ಹುನ್ನಾರ ಇದೆಂದು ಯಾರಾದರೂ ಅಂದರೆ ಈ ಎರಡು ಅಂಕಿ ತೋರಿಸಿ.

ಒಂದು ಎಚ್ಚರಿಕೆ. ಇದು ಹಳೆಯ ಮತಗಳನ್ನು ಹೊಸ ನಿಯಮದಲ್ಲಿ ಹಂಚಿದ ಲೆಕ್ಕ. ನಿಯಮ ಬೇರೆಯಾಗಿದ್ದರೆ ಜನ ಬೇರೆ ರೀತಿ ಮತ ಹಾಕುತ್ತಿದ್ದರು: ಮೂರೇ ಕ್ಷೇತ್ರದಲ್ಲಿ ನಿಂತ ಜೆಡಿಎಸ್‌ಗೆ ಉಳಿದ 25ರಲ್ಲೂ ಮತ ಬೀಳುತ್ತಿತ್ತು, ‘ಗೆಲ್ಲುವ ಕುದುರೆ’ಗೆ ಹಾಕಿದ ಎಷ್ಟೋ ಮತ ಮನಸ್ಸಿನ ಪಕ್ಷಕ್ಕೆ ಹೋಗುತ್ತಿತ್ತು. ಆದ್ದರಿಂದ ‘ಹೀಗಾಗುತ್ತಿತ್ತು’ ಎನ್ನಬೇಡಿ, ‘ಬಿದ್ದ ಮತವನ್ನು ಹೀಗೆ ಹಂಚಿದರೆ ಇಷ್ಟು’ ಎನ್ನಿ.

ಅಸಮತೋಲವನ್ನು ಒಂದೇ ಅಂಕಿಯಲ್ಲಿ ಹೇಳಲು ಗ್ಯಾಲಗರ್ ಸೂಚ್ಯಂಕ ಇದೆ. ಪ್ರತಿ ಪಕ್ಷದ ಮತದ ಶೇಕಡಾಕ್ಕೂ ಸೀಟಿನ ಶೇಕಡಾಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ಕೂಡಿಸಿ, ಎರಡರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಕರ್ನಾಟಕ 2024ಕ್ಕೆ ಇದು ಸುಮಾರು 14. ಮೇಲಿನ 13–13–2 ಹಂಚಿಕೆಗೆ ಸುಮಾರು 1.3. ಬ್ರಿಟನ್ನಿನಲ್ಲಿ 2024ರಲ್ಲಿ ಲೇಬರ್ ಪಕ್ಷ ಶೇ 33.7 ಮತಕ್ಕೆ 650ರಲ್ಲಿ 411 ಸೀಟು ಪಡೆದಾಗ ಈ ಸೂಚ್ಯಂಕ 23 ದಾಟಿತ್ತು.

ಕ್ಷೇತ್ರ ಎಷ್ಟು ದೊಡ್ಡದು?

28 ಸೀಟಿನ ಒಂದೇ ಕ್ಷೇತ್ರವೆಂದರೆ ಬೀದರಿನವರಿಗೂ ಚಾಮರಾಜನಗರದವರಿಗೂ ಪ್ರತಿ ಪಕ್ಷದಿಂದ ಒಂದೇ ಅಭ್ಯರ್ಥಿ ಪಟ್ಟಿ; ಪಕ್ಷಕ್ಕೆ ಬಂದ ಸೀಟನ್ನು ಅದರಿಂದಲೇ ತುಂಬುವುದು. ಇದನ್ನು ಜನ ಒಪ್ಪುವುದು ಕಷ್ಟ. ಐದಾರು ಸೀಟಿನ ವಲಯಗಳಾಗಿ ಒಡೆದರೆ ಪರಿಚಯದ ಮುಖ ಉಳಿಯುತ್ತದೆ, ಆದರೆ ಸಣ್ಣ ಪಕ್ಷಕ್ಕೆ ಬಾಗಿಲು ಕಿರಿದಾಗುತ್ತದೆ. ಲೆಕ್ಕ ಸುಲಭ: ಸೀಟಿನ ಸಂಖ್ಯೆಗೆ ಒಂದು ಕೂಡಿಸಿ ನೂರನ್ನು ಭಾಗಿಸಿ. ಡಿ'ಹಾಂಟ್ ವಿಧಾನದಲ್ಲಿ ಅಷ್ಟು ಶೇಕಡಾ ದಾಟಿದವರಿಗೆ ಒಂದು ಸೀಟು ಖಾತ್ರಿ. 28 ಸೀಟಿದ್ದರೆ ಶೇ 3.45, ಐದು ಸೀಟಿದ್ದರೆ ಶೇ 16.7. ಮೂರು ಸೀಟಿನ ವಲಯ ಮಾಡಿದರೆ ಶೇ 25. ಅಲ್ಲಿಗೆ ಹೆಸರಿಗಷ್ಟೇ ಪ್ರಮಾಣಾನುಗುಣ.

ಬಹುಸದಸ್ಯ ಕ್ಷೇತ್ರ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಊರಲ್ಲೇ ಸಾಕ್ಷಿಯಿದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಎರಡು ಮೂರು ಸದಸ್ಯರ ವಾರ್ಡುಗಳಲ್ಲಿ ಮತದಾರರಿಗೆ ಅಷ್ಟೇ ಮತಗಳಿರುತ್ತವೆ. ಬಲವಾದ ಒಂದು ಬಣ ಇದ್ದರೆ ಆ ಬಣವೇ ಎಲ್ಲವನ್ನೂ ಬಾಚಿಕೊಳ್ಳುತ್ತದೆ. 1952 ಮತ್ತು 1957ರ ಲೋಕಸಭಾ ಚುನಾವಣೆಗಳಲ್ಲಿದ್ದ ದ್ವಿಸದಸ್ಯ ಕ್ಷೇತ್ರಗಳದೂ ಅದೇ ಜಾತಿಯ ವ್ಯವಸ್ಥೆ. ಅವು 1961ರಲ್ಲಿ ರದ್ದಾದವು.

ಬೇರೆಯವರು ಎಲ್ಲಿ ಗೆದ್ದರು, ಎಲ್ಲಿ ಎಡವಿದರು

ವಾದ ಕಾನೂನಾಗಿ ಬದಲಾದ ಕಥೆ ಬೇಕಿದ್ದರೆ ನ್ಯೂಜಿಲೆಂಡ್ ನೋಡಬೇಕು. 1978ರಲ್ಲಿ ಅಲ್ಲಿ ಲೇಬರ್ ಪಕ್ಷಕ್ಕೆ ನ್ಯಾಷನಲ್ ಪಕ್ಷಕ್ಕಿಂತ ಹೆಚ್ಚು ಮತ ಬಿತ್ತು, ಸರ್ಕಾರ ಮಾಡಿದ್ದು ನ್ಯಾಷನಲ್. 1981ರಲ್ಲಿ ಮತ್ತೆ ಅದೇ: ಶೇ 39.0 ಪಡೆದ ಲೇಬರ್‌ಗೆ 43 ಸೀಟು, ಶೇ 38.8 ಪಡೆದ ನ್ಯಾಷನಲ್‌ಗೆ 47. ಸೋಷಿಯಲ್ ಕ್ರೆಡಿಟ್ ಎಂಬ ಮೂರನೇ ಪಕ್ಷಕ್ಕೆ ಶೇ 20ಕ್ಕೂ ಹೆಚ್ಚು ಮತ, ಎರಡು ಸೀಟು. 1985ರಲ್ಲಿ ರಾಯಲ್ ಕಮಿಷನ್ ನೇಮಕವಾಯಿತು, ಮರುವರ್ಷ ಅದು ಮಿಶ್ರ ಪದ್ಧತಿಯನ್ನು ಶಿಫಾರಸು ಮಾಡಿತು. 1992ರ ಜನಮತಗಣನೆಯಲ್ಲಿ ಶೇ 84ಕ್ಕೂ ಹೆಚ್ಚು ಜನ ಬದಲಾವಣೆ ಬೇಕೆಂದರು, 1993ರಲ್ಲಿ ಶೇ 53.9 ಮತದಿಂದ ಹೊಸ ಪದ್ಧತಿ ಗೆದ್ದಿತು, 1996ರಲ್ಲಿ ಅದರಡಿ ಮೊದಲ ಚುನಾವಣೆ ನಡೆಯಿತು. ಮೊದಲ ಅನ್ಯಾಯದಿಂದ ಹದಿನೆಂಟು ವರ್ಷ. ಮುಂದಿನ ಅಧಿವೇಶನದಲ್ಲೇ ಆಗಬೇಕೆಂದು ಕಾಯುವವರು ಈ ಕಾಲರೇಖೆಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಅಲ್ಲಿ ಮತದಾರರಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. ಪಕ್ಷಕ್ಕೆ ಬಿದ್ದ ಮತದಿಂದ ಒಟ್ಟು ಸೀಟು ನಿರ್ಧಾರವಾಗುತ್ತದೆ. ಕ್ಷೇತ್ರಗಳಲ್ಲಿ ಗೆದ್ದದ್ದನ್ನು ಕಳೆದು ಉಳಿದದ್ದನ್ನು ಪಟ್ಟಿಯಿಂದ ತುಂಬುತ್ತಾರೆ. ಇದು ಪರಿಹಾರ ಮಾದರಿ. ಇದರ ಪಕ್ಕದಲ್ಲೇ ಅವಳಿಯಂತೆ ಕಾಣುವ ಇನ್ನೊಂದು ಮಾದರಿ ಇದೆ, ಸಮಾನಾಂತರ ಮಾದರಿ. ಅದರಲ್ಲಿ ಪಟ್ಟಿಯ ಸೀಟನ್ನು ಕ್ಷೇತ್ರದ ಸೀಟಿನ ಮೇಲೆ ಸುಮ್ಮನೆ ಪೇರಿಸುತ್ತಾರೆ. ವ್ಯತ್ಯಾಸ ಎಷ್ಟೆಂದು ನೇಪಾಳ ತೋರಿಸುತ್ತದೆ. ಅಲ್ಲಿನ ಪ್ರತಿನಿಧಿ ಸಭೆಯ 275ರಲ್ಲಿ 165 ಕ್ಷೇತ್ರದಿಂದ, 110 ಪಟ್ಟಿಯಿಂದ. 2017ರಲ್ಲಿ ಪಟ್ಟಿಯ ಮತದಲ್ಲಿ ಕಮ್ಯುನಿಸ್ಟ್ ಪಕ್ಷವಾದ ಯುಎಂಎಲ್‌ಗೆ ಶೇ 33.25, ನೇಪಾಳಿ ಕಾಂಗ್ರೆಸ್ಸಿಗೆ ಶೇ 32.78. ಪಟ್ಟಿ ಸೀಟು 41 ಮತ್ತು 40, ಸರಿಯಾಗೇ ಇದೆ. ಕ್ಷೇತ್ರಗಳಲ್ಲಿ ಮಾತ್ರ 80 ಮತ್ತು 23. ಒಟ್ಟು 121 ಮತ್ತು 63. ಪ್ರಮಾಣಾನುಗುಣ ಎಂಬ ಹೆಸರಿದ್ದೂ ಮತ ಸಮ, ಸೀಟು ಇಮ್ಮಡಿ.

ಭಾರತದಲ್ಲಿ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಲೋಕಸಭೆಗೆ ಶೇ 25ರಷ್ಟು ಹೆಚ್ಚುವರಿ ಸೀಟನ್ನು ಪಟ್ಟಿಯ ಮೂಲಕ ತುಂಬುವ ಸಲಹೆ ಮುಂದಿಟ್ಟಿತ್ತು. ಯಾರಾದರೂ ಇಂಥ ಸಲಹೆಯನ್ನು ಮತ್ತೆ ಎತ್ತಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಪರಿಹಾರವೋ, ಪೇರಿಸುವುದೋ? ಪೇರಿಸುವುದಾದರೆ ಸಂಸದರ ಸಂಖ್ಯೆ ಹೆಚ್ಚುತ್ತದೆ, ಅಸಮತೋಲ ಬಹುಪಾಲು ಉಳಿಯುತ್ತದೆ.

ಇನ್ನು ಮಿತಿಯ ವಿಚಾರ. ಇಷ್ಟು ಶೇಕಡಾಕ್ಕಿಂತ ಕಡಿಮೆ ಬಂದರೆ ಸೀಟಿಲ್ಲ ಎಂಬ ಗೆರೆ ಎಲ್ಲೆಳೆದರೂ ಯಾರಾದರೂ ಅದರ ಕೆಳಗೆ ಸಿಕ್ಕಿಕೊಳ್ಳುತ್ತಾರೆ. ಟರ್ಕಿಯಲ್ಲಿ 2002ರಲ್ಲಿ ಮಿತಿ ಶೇ 10 ಇತ್ತು. ಶೇ 45ರ ಆಸುಪಾಸಿನ ಮತ ವ್ಯರ್ಥವಾಗಿ, ಶೇ 34 ಮತ ಪಡೆದ ಎಕೆ ಪಕ್ಷಕ್ಕೆ 550ರಲ್ಲಿ 363 ಸೀಟು ಹೋಯಿತು. ಜರ್ಮನಿಯ ಮಿತಿ ಶೇ 5. 2025ರಲ್ಲಿ ಬಿಎಸ್‌ಡಬ್ಲ್ಯು ಪಕ್ಷ ಶೇ 4.98ಕ್ಕೆ ನಿಂತು ಹೊರಗುಳಿಯಿತು. ನ್ಯೂಜಿಲೆಂಡಿನಲ್ಲಿ ಶೇ 5 ಅಥವಾ ಒಂದು ಕ್ಷೇತ್ರದ ಗೆಲುವು ಎಂಬ ವಿನಾಯಿತಿ ಇದೆ, ಅದರಿಂದ ಇನ್ನೊಂದು ವಿಚಿತ್ರ ಹುಟ್ಟಿತು: 2008ರಲ್ಲಿ ಶೇ 4.07 ಪಡೆದ ನ್ಯೂಜಿಲೆಂಡ್ ಫಸ್ಟ್‌ಗೆ ಸೊನ್ನೆ, ಒಂದು ಕ್ಷೇತ್ರ ಗೆದ್ದಿದ್ದ, ಶೇ 3.65ರ ಆಕ್ಟ್ ಪಕ್ಷಕ್ಕೆ ಐದು. ಭಾರತಕ್ಕಾದರೆ ಮಿತಿಯನ್ನು ರಾಜ್ಯವಾರು ಇಡಬೇಕು, ಶೇ 3ರಿಂದ 4ರ ನಡುವೆ. ದೇಶವಾರು ಶೇ 5 ಎಂದರೆ ಪ್ರಾದೇಶಿಕ ಪಕ್ಷಗಳ ಸಾಲಿಗೆ ಸಾಲೇ ಅಳಿಸಿಹೋಗುತ್ತದೆ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ಸಂವಿಧಾನದ 81ನೇ ವಿಧಿ ಲೋಕಸಭೆಗೆ ಪ್ರಾದೇಶಿಕ ಕ್ಷೇತ್ರಗಳಿಂದ ನೇರ ಚುನಾವಣೆ ಆಗಬೇಕೆನ್ನುತ್ತದೆ. ಒಂದು ಕ್ಷೇತ್ರಕ್ಕೆ ಒಬ್ಬರೇ ಎಂಬ ನಿಯಮ ಇರುವುದು 1950ರ ಜನಪ್ರಾತಿನಿಧ್ಯ ಕಾಯ್ದೆಯಲ್ಲಿ. ಹಾಗಾಗಿ ವಲಯವಾರು ಬಹುಸದಸ್ಯ ಕ್ಷೇತ್ರದ ದಾರಿ ಹಿಡಿದರೆ ಮುಖ್ಯ ಕೆಲಸ ಕಾಯ್ದೆಯ ತಿದ್ದುಪಡಿ. ಕ್ಷೇತ್ರವಿಲ್ಲದ ಪಟ್ಟಿ ಸಂಸದರು ಬೇಕೆಂದರೆ 81ನೇ ವಿಧಿಯನ್ನೇ ಮುಟ್ಟಬೇಕು. ನಮ್ಮ ಶಿಫಾರಸು ಮೊದಲನೆಯದು, ಸಾಧ್ಯತೆ ಹೆಚ್ಚಿರುವುದು ಅದಕ್ಕೇ.

ಮೀಸಲಾತಿಯನ್ನು ಕೊನೆಗೆ ನೆನಪಿಸಿಕೊಳ್ಳುವ ಪ್ರಸ್ತಾವ ಬಿದ್ದೇ ಬೀಳುತ್ತದೆ, ಬೀಳಲೂಬೇಕು. ಕರ್ನಾಟಕದ 28ರಲ್ಲಿ ಐದು ಪರಿಶಿಷ್ಟ ಜಾತಿಗೆ, ಎರಡು ಪರಿಶಿಷ್ಟ ಪಂಗಡಕ್ಕೆ. ಪಟ್ಟಿ ಪದ್ಧತಿಯಲ್ಲಿ ಇದನ್ನು ಪಟ್ಟಿಯೊಳಗೇ ಬರೆಯಬೇಕು: ಎಷ್ಟನೇ ಸ್ಥಾನಕ್ಕೆ ಯಾರು ಎಂದು. ಪಟ್ಟಿಯ ಬುಡದಲ್ಲಿ ಹೆಸರು ಸೇರಿಸಿ ಕೈತೊಳೆದುಕೊಳ್ಳಲು ಬಿಡಬಾರದು. ನೇಪಾಳದಲ್ಲಿ ಪಟ್ಟಿಗೆ ದಲಿತ, ಜನಜಾತಿ, ಮಧೇಸಿ, ಮಹಿಳಾ ಪ್ರಮಾಣ ಕಡ್ಡಾಯ. ಆ ಭಾಗ ಮಾತ್ರ ಅಲ್ಲಿಂದ ಕಲಿಯುವಂಥದ್ದು.

ಎದುರಾಗುವ ಆಕ್ಷೇಪಗಳು

‘ಇದು ನಮ್ಮ ದೇಶಕ್ಕೆ ಹೊಸದು.’ ಹೊಸದೇನಲ್ಲ. ರಾಜ್ಯಸಭೆಗೆ ಶಾಸಕರು ಮತ ಹಾಕುವುದು ಪ್ರಮಾಣಾನುಗುಣ ಪದ್ಧತಿಯಲ್ಲೇ, 80ನೇ ವಿಧಿಯ ಪ್ರಕಾರ. ಶಾಸಕರು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಕೊಡುತ್ತಾರೆ. ಪ್ರತಿ ಮತಕ್ಕೆ 100ರ ಮೌಲ್ಯ. 224 ಶಾಸಕರು, ನಾಲ್ಕು ಸ್ಥಾನ ಎಂದರೆ 22,400ನ್ನು ಐದರಿಂದ (ಸ್ಥಾನಕ್ಕಿಂತ ಒಂದು ಹೆಚ್ಚು) ಭಾಗಿಸಿ ಒಂದು ಕೂಡಿಸಿ: ಗೆಲ್ಲಲು ಬೇಕಾದ ಮೌಲ್ಯ 4,481. ಅಂದರೆ ಮೊದಲ ಪ್ರಾಶಸ್ತ್ಯದ 45 ಮತ. 2022ರ ಜೂನ್‌ನಲ್ಲಿ ಜೆಡಿಎಸ್ ಬಳಿ 32 ಮತ, ಕಾಂಗ್ರೆಸ್ಸಿನ ಬಳಿ ಮೊದಲ ಅಭ್ಯರ್ಥಿಯನ್ನು ಗೆಲ್ಲಿಸಿ ಮಿಕ್ಕದ್ದು 25ರಷ್ಟು. ಕೂಡಿದ್ದರೆ ನಾಲ್ಕನೇ ಸ್ಥಾನ ಅವರದೇ. ಇಬ್ಬರೂ ಹಟ ಬಿಡದೆ ಬಿಜೆಪಿಯ ಮೂರನೇ ಅಭ್ಯರ್ಥಿ ಗೆದ್ದರು. ಪದ್ಧತಿ ಎಷ್ಟೇ ನ್ಯಾಯವಾಗಿದ್ದರೂ ಜಗಳಕ್ಕೆ ಮದ್ದಿಲ್ಲ.

‘ಅಂಬೇಡ್ಕರರೇ ಬೇಡವೆಂದಿದ್ದರು.’ ಹೌದು. 1949ರ ಜನವರಿ 4ರಂದು ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ತಂದ ತಿದ್ದುಪಡಿಯನ್ನು ಅವರು ವಿರೋಧಿಸಿದರು. ಕೊಟ್ಟ ಕಾರಣ ಎರಡು: ಸಾಕ್ಷರತೆ ಸಾಲದು, ಸ್ಥಿರ ಸರ್ಕಾರ ಸಿಗದು. ಮೊದಲನೆಯದಕ್ಕೆ ಉತ್ತರ ಸುಲಭ. 1951ರಲ್ಲಿ ಶೇ 18ರ ಆಸುಪಾಸಿದ್ದ ಸಾಕ್ಷರತೆ 2011ರ ಹೊತ್ತಿಗೆ ಶೇ 70 ದಾಟಿತ್ತು. ಪಟ್ಟಿ ಪದ್ಧತಿಗಾದರೆ ಓದು ಬೇಕಿಲ್ಲ, ಚಿಹ್ನೆಯ ಗುಂಡಿ ಒತ್ತಿದರೆ ಸಾಕು.

ಎರಡನೆಯದನ್ನು ಹಗುರವಾಗಿ ತಳ್ಳಿಹಾಕಬೇಡಿ. ಬೆಲ್ಜಿಯಂನಲ್ಲಿ 2010–11ರಲ್ಲಿ ಸರ್ಕಾರ ರಚನೆಗೆ 541 ದಿನ ಹಿಡಿಯಿತು. ಮೈತ್ರಿ ಸರ್ಕಾರ ಮಾಮೂಲಾಗುತ್ತದೆ ಎಂದು ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ಕೇಳಿ: ಈಗಿನ ಪದ್ಧತಿಯಲ್ಲೇ 1989ರಿಂದ 2014ರವರೆಗೆ ಲೋಕಸಭೆಯಲ್ಲಿ ಒಂದು ಪಕ್ಷಕ್ಕೆ ಬಹುಮತ ಬರಲಿಲ್ಲವಲ್ಲ, ಬೆಂಗಳೂರಿನಲ್ಲಿ 2018ರ ನಂತರದ ಒಂದೇ ವಿಧಾನಸಭೆಯ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳು ಬಂದರಲ್ಲ, ಅದೇನು ಸ್ಥಿರತೆ? ನ್ಯೂಜಿಲೆಂಡಿನವರು 2011ರ ಜನಮತಗಣನೆಯಲ್ಲಿ ಹೊಸ ಪದ್ಧತಿಯನ್ನೇ ಉಳಿಸಿಕೊಂಡರು.

ನಿಜವಾಗಿ ತೊಡಕಿನ ಆಕ್ಷೇಪ ಬೇರೆಯೇ ಇದೆ, ಅದನ್ನು ಎದುರಾಳಿಗಳು ಅಷ್ಟಾಗಿ ಎತ್ತುವುದಿಲ್ಲ. ಪಟ್ಟಿಯ ಕ್ರಮ ಬರೆಯುವವರು ಯಾರು? ಬಿ ಫಾರಂ ಈಗಲೇ ಹೈಕಮಾಂಡಿನ ಕೈಯಲ್ಲಿದೆ; ಮುಚ್ಚಿದ ಪಟ್ಟಿ (ಹೆಸರುಗಳ ಕ್ರಮವನ್ನು ಪಕ್ಷವೇ ಬರೆದು, ಮತದಾರರು ಬದಲಿಸಲಾಗದ ಪಟ್ಟಿ) ಬಂದರೆ ಗೆಲ್ಲುವ ಸ್ಥಾನವೂ ಅವರದೇ ಕೈಗೆ. ಇದಕ್ಕೆ ಮದ್ದು ತೆರೆದ ಪಟ್ಟಿ. ಶ್ರೀಲಂಕಾದಲ್ಲಿ ಮತದಾರರು ಪಕ್ಷಕ್ಕೆ ಮತ ಹಾಕಿ, ಅದೇ ಪಕ್ಷದ ಮೂವರವರೆಗೆ ಅಭ್ಯರ್ಥಿಗಳನ್ನು ಗುರುತಿಸಬಹುದು. ಹೆಚ್ಚು ಗುರುತು ಬಿದ್ದವರು ಮೊದಲು ಆಯ್ಕೆಯಾಗುತ್ತಾರೆ. ಇದರ ಅಡ್ಡಪರಿಣಾಮ ಒಂದೇ ಪಕ್ಷದವರು ಒಬ್ಬರ ಮೇಲೊಬ್ಬರು ದುಡ್ಡು ಸುರಿದು ಕಾದಾಡುವುದು. ನಮ್ಮ ಕಡೆ ಬಂಡಾಯ ಅಭ್ಯರ್ಥಿಗಳನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೂ ಮುಚ್ಚಿದ ಪಟ್ಟಿಗಿಂತ ಇದೇ ಮೇಲು. ನಿಮ್ಮ ಮನವಿಯಲ್ಲಿ ‘ತೆರೆದ ಪಟ್ಟಿ, ಐದರಿಂದ ಏಳು ಸೀಟಿನ ವಲಯ, ಸೇಂಟ್ ಲಾಗ್ ಹಂಚಿಕೆ’ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ, ಅದರ ಕೆಳಗೆ ನಿಮ್ಮ ವಲಯದ ಮತಗಳನ್ನು 1, 3, 5ರಿಂದ ಭಾಗಿಸಿದ ಪಟ್ಟಿಯನ್ನು ಲಗತ್ತಿಸಿ.